ಆಷಾಢದಲ್ಲಿ ಚೌಕಾಸಿ, ಶ್ರಾವಣದಲ್ಲಿ ಕಾರು

ಮಂಡ್ಯದ ಒಂದು ಸಹಕಾರ ಬ್ಯಾಂಕಿನಲ್ಲಿ ಸಾಲದ ಕೌಂಟರ್ ನನ್ನದು. ಕಾರಿನ ಸಾಲಕ್ಕೆ ಬರುವವರು ಮೊದಲು ನನ್ನ ಮೇಜಿನ ಮೇಲೆ ಇಡುವುದು ಶೋರೂಮಿನ ಕೊಟೇಶನ್. ಒಂದೇ ಕಾರು, ಒಂದೇ ವೇರಿಯಂಟ್, ಒಂದೇ ತಿಂಗಳು. ಆದರೂ ಮದ್ದೂರಿನವರ ಕೊಟೇಶನ್ನಿಗೂ ಪಾಂಡವಪುರದವರ ಕೊಟೇಶನ್ನಿಗೂ ನಲವತ್ತು ಐವತ್ತು ಸಾವಿರ ವ್ಯತ್ಯಾಸ ಇರುತ್ತದೆ. ವ್ಯತ್ಯಾಸ ಇರುವುದು ಕಾರಿನ ಬೆಲೆಯಲ್ಲಲ್ಲ, ಅದರ ಕೆಳಗಿನ ಸಾಲುಗಳಲ್ಲಿ. ಇದು ಗೊತ್ತಾದ ಮೇಲೆ ನೆಂಟರಲ್ಲಿ ಯಾರು ಕಾರು ತಗೊಂಡರೂ "ಅಕ್ಕ, ನೀವೂ ಬನ್ನಿ" ಅಂತ ಕರೆಯುವುದು ಶುರುವಾಯಿತು. ಎಲ್ಲರ ಜೊತೆ ಹೋಗಲಿಕ್ಕೆ ರಜೆ ಎಲ್ಲಿದೆ? ಅದಕ್ಕೇ ಬರೆದಿಡುತ್ತಿದ್ದೇನೆ.

ಶೋರೂಮಿಗೆ ಹೋಗಿ ಕೂತ ಕೂಡಲೇ "ಎಷ್ಟು ಕಮ್ಮಿ ಮಾಡ್ತೀರಾ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಅವರು ಒಂದು ಅಂಕಿ ಹೇಳುತ್ತಾರೆ, ನೀವು ಇನ್ನೊಂದು ಹೇಳುತ್ತೀರಿ, ಮಧ್ಯದಲ್ಲೆಲ್ಲೋ ಕೈ ಕುಲುಕುತ್ತೀರಿ. ಇಪ್ಪತ್ತು ಸಾವಿರ ಬಿಟ್ಟರು ಅಂತ ಖುಷಿಯಾಗಿ ಮನೆಗೆ ಬರುತ್ತೀರಿ. ಅದೇ ಇಪ್ಪತ್ತು ಸಾವಿರ ಇನ್ಶೂರೆನ್ಸಿನಲ್ಲೋ ಆಕ್ಸೆಸರೀಸ್ ಕಿಟ್‌ನಲ್ಲೋ ವಾಪಸ್ ಹೋಗಿರುತ್ತದೆ. ಮೊದಲು ಕೇಳಬೇಕಾದ್ದು ಒಂದೇ: ಆನ್‌ರೋಡ್ ಬೆಲೆಯನ್ನು, ಅಂದರೆ ತೆರಿಗೆ, ಇನ್ಶೂರೆನ್ಸ್ ಎಲ್ಲಾ ಸೇರಿದ ಬೆಲೆಯನ್ನು, ಸಾಲು ಸಾಲಾಗಿ ಬಿಡಿಸಿದ ಕೊಟೇಶನ್. ಶೋರೂಮಿನ ಹೆಸರು, ತಾರೀಖು, ವೇರಿಯಂಟ್, ಬಣ್ಣ ಎಲ್ಲಾ ಇರುವ ಪ್ರಿಂಟ್ ಬೇಕು. ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಲ್ಲಿ ಬರೆದುಕೊಟ್ಟಿದ್ದು ಲೆಕ್ಕಕ್ಕಿಲ್ಲ.

ಕಾಗದ ಕೈಗೆ ಬಂತು ಅಂದುಕೊಳ್ಳಿ. ಮೇಲಿನಿಂದ ಓದಿ.

ಎಕ್ಸ್‌ಶೋರೂಮ್ ಬೆಲೆ ಅಂದರೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರುವ ಮುಂಚಿನ ಬೆಲೆ, ಕಂಪನಿ ಗೊತ್ತುಮಾಡಿದ್ದು. ಜಿಎಸ್‌ಟಿ ಅದರೊಳಗೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ 18 ಪರ್ಸೆಂಟ್, ದೊಡ್ಡವಕ್ಕೆ 40 ಪರ್ಸೆಂಟ್ ಆಯಿತಲ್ಲ, ಅದು. ಸಣ್ಣದು ಅಂದರೆ ನಾಲ್ಕು ಮೀಟರ್ ಉದ್ದದೊಳಗೆ ಇರಬೇಕು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟಬಾರದು. ಯಾರಾದರೂ ಕೊಟೇಶನ್ನಿನ ಕೆಳಗೆ ಮತ್ತೆ ಜಿಎಸ್‌ಟಿ ಅಂತ ಬೇರೆ ಸಾಲು ಬರೆದಿದ್ದರೆ ಯಾವುದರ ಮೇಲೆ ಅಂತ ಕೇಳಿ. ಆಕ್ಸೆಸರೀಸ್ ಅಥವಾ ಇನ್ಶೂರೆನ್ಸ್ ಮೇಲಿನದಾದರೆ ಸರಿ. ಕಾರಿನ ಮೇಲೆ ಇನ್ನೊಮ್ಮೆ ಬರುವಂತಿಲ್ಲ.

ಆಮೇಲೆ ರಸ್ತೆ ತೆರಿಗೆ. ನಮ್ಮ ರಾಜ್ಯದಲ್ಲಿ ಇದು ಜೋರು. ಐದು ಲಕ್ಷದವರೆಗಿನ ಪೆಟ್ರೋಲ್, ಡೀಸೆಲ್ ಕಾರಿಗೆ 13 ಪರ್ಸೆಂಟ್, ಐದರಿಂದ ಹತ್ತು ಲಕ್ಷಕ್ಕೆ 14, ಹತ್ತರಿಂದ ಇಪ್ಪತ್ತಕ್ಕೆ 17, ಅದರ ಮೇಲೆ 18. ಇದರ ಮೇಲೆ ಸೆಸ್ ಬೇರೆ. ಇಲ್ಲಿ ಚೌಕಾಸಿ ನಡೆಯಲ್ಲ, ಸರ್ಕಾರದ ದುಡ್ಡು. ಆದರೆ ಒಂದು ಜಾಣತನ ನಡೆಯುತ್ತದೆ. ಕಾರಿನ ಬೆಲೆ 9,90,000 ಇದ್ದರೆ 14 ಪರ್ಸೆಂಟಿಗೆ ತೆರಿಗೆ 1,38,600. ಅದೇ ಒಂದು ಮೆಟ್ಟಿಲು ಮೇಲಿನ ವೇರಿಯಂಟ್ 10,10,000 ಅಂತ ಇಟ್ಟುಕೊಳ್ಳಿ. ತೆರಿಗೆ 17 ಪರ್ಸೆಂಟ್, 1,71,700. ಬೆಲೆ ಹೆಚ್ಚಾಗಿದ್ದು ಇಪ್ಪತ್ತು ಸಾವಿರ, ತೆರಿಗೆ ಹೆಚ್ಚಾಗಿದ್ದು ಮೂವತ್ಮೂರು ಸಾವಿರದ ನೂರು. ಹತ್ತು ಲಕ್ಷ ದಾಟಿದ ಕೂಡಲೇ ಒಂದು ಪರ್ಸೆಂಟ್ ಟಿಸಿಎಸ್, ಅಂದರೆ ಮಾರುವವರೇ ನಿಮ್ಮಿಂದ ಮುಂಗಡವಾಗಿ ಹಿಡಿಯುವ ತೆರಿಗೆ, ಕೂಡ ಸೇರಿಕೊಳ್ಳುತ್ತದೆ. ಅದು ಆದಾಯ ತೆರಿಗೆ ರಿಟರ್ನ್ ಹಾಕಿದಾಗ ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ, ಆದರೆ ಇವತ್ತು ಕೈಯಿಂದ ಹೋಗಬೇಕಲ್ಲ. "ಸರ್, ಬರೀ ಇಪ್ಪತ್ತು ಸಾವಿರ ಜಾಸ್ತಿ, ಸನ್‌ರೂಫ್ ಬರುತ್ತೆ" ಅಂತ ಹುಡುಗ ಹೇಳಿದಾಗ ಈ ಲೆಕ್ಕ ತಲೆಯಲ್ಲಿರಲಿ. ಮಂಡ್ಯದ ಬಿಸಿಲಿಗೆ ಸನ್‌ರೂಫ್ ಯಾಕೆ ಅನ್ನುವುದು ನನಗಂತೂ ಇನ್ನೂ ಅರ್ಥವಾಗಿಲ್ಲ.

ನಿಜವಾದ ಚೌಕಾಸಿ ಶುರುವಾಗುವುದು ಇದರ ಕೆಳಗೆ. ನನ್ನ ಚಿಕ್ಕಮ್ಮನ ಮಗನ ಜೊತೆ ಮೈಸೂರಿನ ಹುಣಸೂರು ರಸ್ತೆಯ ಒಂದು ಶೋರೂಮಿಗೆ ಹೋಗಿದ್ದೆ. ಆಷಾಢ, ಊಟದ ಹೊತ್ತು ಮುಗಿದಿತ್ತು. ನಾವು ಬಿಟ್ಟರೆ ಗಿರಾಕಿಗಳೇ ಇರಲಿಲ್ಲ. ಕೊಟೇಶನ್ನಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ 8,500 ಅಂತ ಇತ್ತು.

"ಇದೇನಪ್ಪ?" ಅಂದೆ.

"ಮೇಡಂ, ಯಾರ್ಡಿನಿಂದ ಗಾಡಿ ತರಿಸೋದು, ತೊಳೆಯೋದು, ಡೆಲಿವರಿಗೆ ರೆಡಿ ಮಾಡೋದು…"

"ಕಾರು ಶೋರೂಮಿನಲ್ಲಿ ಮಾರೋದು ಅಂದಮೇಲೆ ಅದು ನಿಮ್ಮ ಕೆಲಸ ಅಲ್ವಾ? ಇದಕ್ಕೆ ಬೇರೆ ರಸೀದಿ ಕೊಡ್ತೀರಾ?"

ಹುಡುಗ ಒಳಗೆ ಮ್ಯಾನೇಜರ್ ಹತ್ತಿರ ಹೋಗಿ ಬಂದ. ಸಾಲು ಹೋಯಿತು. ಜಗಳ ಇಲ್ಲ, ದನಿ ಏರಿಸಲಿಲ್ಲ. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್, ಡಾಕ್ಯುಮೆಂಟೇಶನ್ ಅಂತ ಹೆಸರು ಬೇರೆ ಬೇರೆ ಇರುತ್ತದೆ. ಸರ್ಕಾರದ ಫೀಸಾದರೆ ಆರ್‌ಟಿಒ ರಸೀದಿ ಸಿಗುತ್ತದೆ. ರಸೀದಿ ಇಲ್ಲದ್ದನ್ನು ತೆಗೆಸಿ.

ಅದರ ಕೆಳಗೆ "ಎಸೆನ್ಷಿಯಲ್ ಕಿಟ್" 18,990. ಒಳಗೆ ಏನಿದೆ ಅಂತ ಬರೆಸಿಕೊಂಡೆ: ಫ್ಲೋರ್ ಮ್ಯಾಟ್, ಮಡ್ ಫ್ಲಾಪ್, ಸೀಟ್ ಕವರ್, ಡೋರ್ ವೈಸರ್, ಸೈಡ್ ಬೀಡಿಂಗ್, ಒಂದು ಪರ್ಫ್ಯೂಮ್ ಬಾಟಲಿ, ಕೀಚೈನ್. ನನ್ನ ತಮ್ಮನಿಗೆ ಬೇಕಾಗಿದ್ದು ಮ್ಯಾಟ್ ಮತ್ತು ಮಡ್ ಫ್ಲಾಪ್. ಗದ್ದೆ ದಾರಿಯಲ್ಲಿ ಓಡುವ ಕಾರು, ಮಡ್ ಫ್ಲಾಪ್ ಇಲ್ಲದೆ ಆಗಲ್ಲ. ಉಳಿದದ್ದು ಬೇಡ ಅಂದೆವು. "ಮೇಡಂ, ಕಿಟ್ ಕಂಪಲ್ಸರಿ" ಅಂದ. ಕಂಪಲ್ಸರಿ ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ ಅಂದರೆ ಯಾರೂ ಕೊಡುವುದಿಲ್ಲ. ಕೊನೆಗೆ ಎರಡೇ ವಸ್ತುಗಳಿಗೆ ಬಿಲ್ ಹಾಕಿದರು.

ಒಂದು ವಿಷಯ. ಡಿಸ್ಕೌಂಟ್ ಬದಲು ಆಕ್ಸೆಸರೀಸ್ ಫ್ರೀ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಇಪ್ಪತ್ತು ಸಾವಿರದ ಸಾಮಾನು ಫ್ರೀ ಅಂದರೆ ಅದು ಅವರ ಎಂಆರ್‌ಪಿ ಲೆಕ್ಕ. ಅವರಿಗೆ ಬೀಳುವುದು ಅದಕ್ಕಿಂತ ಎಷ್ಟೋ ಕಮ್ಮಿ. ದುಡ್ಡಿನಲ್ಲೇ ಕಮ್ಮಿ ಮಾಡಿಸಿ, ಬೇಕಾದ ಸೀಟ್ ಕವರ್ ಹೊರಗೆ ಹೊಲಿಸಿ. ದುಡ್ಡಿನಲ್ಲಿ ಇನ್ನು ಒಂದು ರೂಪಾಯಿಯೂ ಬಿಡಲ್ಲ ಅನ್ನುವ ಹಂತಕ್ಕೆ ಬಂದ ಮೇಲೆ ಬೇಕಾದರೆ ಮ್ಯಾಟ್ ಕೇಳಿ. ಅಥವಾ ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಸ್ವಲ್ಪ ಬಿಡಿಸಿ. ಬಣ್ಣದ ಮೇಲೆ ಬಳಿಯುವ ಕೋಟಿಂಗ್‌ಗಿಂತ ವಾರಂಟಿ ಸಾವಿರ ಪಾಲು ಮೇಲು.

ಇನ್ಶೂರೆನ್ಸಿಗೆ ಜಾಸ್ತಿ ಹೊತ್ತು ಕೊಡಿ. ಶೋರೂಮಿನವರಿಗೆ ಇದರಲ್ಲಿ ಒಳ್ಳೇ ಆದಾಯ ಇದೆ. ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಕೊಡುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಹೊಸ ಕಾರಿಗೆ ಮೂರು ವರ್ಷದ್ದು ಕಡ್ಡಾಯ, 2018ರ ಸೆಪ್ಟೆಂಬರಿನಿಂದ ಹಾಗಿದೆ. ಅದರ ದರ ಸರ್ಕಾರ ಗೊತ್ತುಮಾಡಿದ್ದು, ಯಾವ ಕಂಪನಿಯಲ್ಲಿ ತಗೊಂಡರೂ ಒಂದೇ. 2022ರಲ್ಲಿ ನಿಗದಿಯಾದ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ, ಜಿಎಸ್‌ಟಿ ಬೇರೆ. ಹಾಗಾದರೆ ಕೊಟೇಶನ್ನಿನ ಇನ್ಶೂರೆನ್ಸ್ ಸಾಲಿನಲ್ಲಿ 52 ಸಾವಿರ ಅಂತ ಇದ್ದರೆ ಅದು ಎಲ್ಲಿಂದ ಬಂತು? ನಮ್ಮ ಕಾರಿಗೇ ಏನಾದರೂ ಆದರೆ ಕೊಡುವ ಓನ್ ಡ್ಯಾಮೇಜ್ ಭಾಗದಿಂದ, ಅದರ ಮೇಲೆ ಪೇರಿಸಿದ ಆಡ್‌ಆನ್‌ಗಳಿಂದ, ಅಂದರೆ ಹೆಚ್ಚುವರಿ ರಕ್ಷಣೆಗಳಿಂದ. ಇಲ್ಲಿ ಕಂಪನಿಯಿಂದ ಕಂಪನಿಗೆ ದರ ಬೇರೆ. ಓನ್ ಡ್ಯಾಮೇಜ್ ಒಂದು ವರ್ಷಕ್ಕೆ ತಗೊಂಡರೆ ಸಾಕು.

ಹೊರಗೆ ದರ ಕೇಳುವಾಗ ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ, ಒಂದೇ ಇರಲಿ, ಆಡ್‌ಆನ್‌ಗಳೂ ಅವೇ ಇರಲಿ. ಇಲ್ಲದಿದ್ದರೆ ಹೋಲಿಸಿ ಪ್ರಯೋಜನ ಇಲ್ಲ. ಝೀರೋ ಡೆಪ್, ಅಂದರೆ ಬಿಡಿಭಾಗದ ಸವಕಳಿ ಕಡಿಯದೆ ಕ್ಲೇಮ್ ಕೊಡುವುದು, ಹೊಸ ಕಾರಿಗೆ ಬೇಕೇ ಬೇಕು. ರಿಟರ್ನ್ ಟು ಇನ್‌ವಾಯ್ಸ್ ಸಾಲದ ಕಾರಿಗೆ ಒಳ್ಳೆಯದು, ಕಾರು ಪೂರ್ತಿ ಹೋದರೆ ಬಿಲ್ಲಿನ ಬೆಲೆ ಸಿಗುತ್ತದೆ. ಕೀ ಕಳೆದರೆ, ಟೈರ್ ಒಡೆದರೆ, ಬ್ಯಾಗ್ ಕದ್ದರೆ ಅನ್ನುವವೆಲ್ಲ ನಿಮ್ಮ ಇಷ್ಟ. ಹೊರಗಿನ ದರ ಫೋನಿನಲ್ಲಿ ತೋರಿಸಿ "ಇದಕ್ಕೆ ಸಮ ಮಾಡಿ, ನಿಮ್ಮಲ್ಲೇ ತಗೊಳ್ತೀವಿ" ಅಂತ ಹೇಳಿ. ಸಾಮಾನ್ಯವಾಗಿ ಹತ್ತಿರ ಹತ್ತಿರ ಬರುತ್ತಾರೆ. "ಹೊರಗೆ ಮಾಡಿಸಿದರೆ ಕ್ಯಾಶ್‌ಲೆಸ್ ಆಗಲ್ಲ" ಅನ್ನುವುದು ಹಳೇ ಹೆದರಿಕೆ. ಕ್ಯಾಶ್‌ಲೆಸ್, ಅಂದರೆ ರಿಪೇರಿ ದುಡ್ಡನ್ನು ಕಂಪನಿಯೇ ನೇರ ಗ್ಯಾರೇಜಿಗೆ ಕಟ್ಟುವುದು, ಆಗುವುದು ಬಿಡುವುದು ಆ ಇನ್ಶೂರೆನ್ಸ್ ಕಂಪನಿಗೂ ಗ್ಯಾರೇಜಿಗೂ ಒಪ್ಪಂದ ಇದೆಯಾ ಅನ್ನುವುದರ ಮೇಲೆ. ಅದೇ ಶೋರೂಮಿನ ಬಾಡಿ ಶಾಪಿಗೆ ಹೋಗಿ ಯಾವ್ಯಾವ ಕಂಪನಿ ಇದೆ ಅಂತ ಕೇಳಿ, ಗೋಡೆ ಮೇಲೇ ಬೋರ್ಡ್ ಹಾಕಿರುತ್ತಾರೆ.

ಹಳೇ ಕಾರು ಇದ್ದು ಕ್ಲೇಮ್ ಮಾಡಿಲ್ಲವಾದರೆ ನೋ ಕ್ಲೇಮ್ ಬೋನಸ್ ಮರೆಯಬೇಡಿ. ಅದು ಕಾರಿನದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 50 ಪರ್ಸೆಂಟ್ ಹೋಗುತ್ತದೆ. ಹಳೇ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತಗೊಂಡು ಹೊಸ ಕಾರಿಗೆ ಹಾಕಿಸಿ. ಇದನ್ನು ಶೋರೂಮಿನವರು ತಾವಾಗಿ ಕೇಳುವುದು ನಾನು ನೋಡಿಲ್ಲ.

ಇನ್ನು ನನ್ನ ಕೌಂಟರಿನ ವಿಷಯ, ಸಾಲ. ನಮ್ಮ ಕಡೆ ಕಬ್ಬಿನ ದುಡ್ಡು ಬಂದವರು "ಪೂರ್ತಿ ಕ್ಯಾಶ್ ಕೊಡ್ತೀನಿ, ಜಾಸ್ತಿ ಬುಡಿ" ಅಂತ ಎದೆ ಉಬ್ಬಿಸಿ ಹೇಳುತ್ತಾರೆ. ಎರಡು ತಪ್ಪು ಇದರಲ್ಲಿ. ಎರಡು ಲಕ್ಷ ಅಥವಾ ಅದಕ್ಕೂ ಜಾಸ್ತಿ ನಗದು ತಗೊಳ್ಳುವಂತಿಲ್ಲ, 2017ರಿಂದ ಕಾನೂನಿದೆ. ಎರಡನೆಯದು, ಶೋರೂಮಿಗೆ ಸಾಲದ ಗಿರಾಕಿಯೇ ಇಷ್ಟ. ಸಾಲ ಕೊಡಿಸಿದರೆ ಬ್ಯಾಂಕಿನಿಂದ ಅವರಿಗೆ ಕಮಿಷನ್ ಬರುತ್ತದೆ. ಹಾಗಾಗಿ ಕಾರಿನ ಬೆಲೆ ಇತ್ಯರ್ಥ ಆಗುವ ತನಕ ದುಡ್ಡು ಹೇಗೆ ಕೊಡುತ್ತೀರಿ ಅನ್ನುವುದನ್ನು ಬಾಯಿ ಬಿಡಬೇಡಿ. "ನೋಡೋಣ, ನಿಮ್ಮ ಸಾಲದ ದರ ಚೆನ್ನಾಗಿದ್ರೆ ತಗೊಳ್ತೀವಿ" ಅಂದರೆ ಸಾಕು.

ಅವರು ಸಾಲದ ದರ ಹೇಳಿದಾಗ ಕೇಳಬೇಕಾದ ಪ್ರಶ್ನೆ: ಫ್ಲ್ಯಾಟಾ, ರೆಡ್ಯೂಸಿಂಗಾ? ಫ್ಲ್ಯಾಟ್ ಅಂದರೆ ಕೊನೆ ತನಕ ಮೊದಲಿನ ಪೂರ್ತಿ ಸಾಲದ ಮೇಲೆ ಬಡ್ಡಿ, ರೆಡ್ಯೂಸಿಂಗ್ ಅಂದರೆ ತೀರಿಸಿ ಉಳಿದದ್ದರ ಮೇಲೆ ಮಾತ್ರ. 7 ಪರ್ಸೆಂಟ್ ಫ್ಲ್ಯಾಟ್ ಕೇಳಲಿಕ್ಕೆ 9 ಪರ್ಸೆಂಟ್ ರೆಡ್ಯೂಸಿಂಗ್‌ಗಿಂತ ಅಗ್ಗ ಅನಿಸುತ್ತದೆ. ಲೆಕ್ಕ ಹಾಕಿ. ಎಂಟು ಲಕ್ಷ, ಐದು ವರ್ಷ. ಫ್ಲ್ಯಾಟ್ 7ರಲ್ಲಿ ಬಡ್ಡಿ 2,80,000. ತಿಂಗಳ ಕಂತು 18,000. ರೆಡ್ಯೂಸಿಂಗ್ 9ರಲ್ಲಿ ಕಂತು ಸುಮಾರು 16,600. ಐದು ವರ್ಷಕ್ಕೆ ಎಂಬತ್ತು ಸಾವಿರಕ್ಕೂ ಜಾಸ್ತಿ ವ್ಯತ್ಯಾಸ. ಆ ಫ್ಲ್ಯಾಟ್ 7 ನಿಜವಾಗಿ ಹನ್ನೆರಡೂವರೆ ಪರ್ಸೆಂಟ್ ಹತ್ತಿರದ ಸಾಲ. ಕೌಂಟರಿನಲ್ಲಿ ಹತ್ತು ಸಾವಿರಕ್ಕೆ ಗುದ್ದಾಡಿ ಇಲ್ಲಿ ಎಂಬತ್ತು ಸಾವಿರ ಬಿಟ್ಟು ಬರುವವರನ್ನು ದಿನಾ ನೋಡುತ್ತೇನೆ. ಪ್ರೊಸೆಸಿಂಗ್ ಫೀಸ್ ಎಷ್ಟು, ಮುಂಚೆ ತೀರಿಸಿದರೆ ದಂಡ ಎಷ್ಟು ಅನ್ನುವುದನ್ನೂ ಬರೆಸಿಕೊಳ್ಳಿ. ನಿಮ್ಮ ಬ್ಯಾಂಕಿನಲ್ಲಿ ಮೊದಲೇ ಕೇಳಿ ಒಂದು ದರ ಕೈಯಲ್ಲಿಟ್ಟುಕೊಂಡು ಹೋದರೆ ಇನ್ನೂ ಒಳ್ಳೆಯದು. ನಮ್ಮ ಬ್ಯಾಂಕಿಗೇ ಬನ್ನಿ ಅಂತ ಹೇಳುತ್ತಿಲ್ಲ, ನಮ್ಮಲ್ಲಿ ಕೆಲವು ಸಲ ದರ ಜಾಸ್ತಿಯೇ ಇರುತ್ತದೆ.

ಯಾವಾಗ ಹೋಗಬೇಕು ಅನ್ನುವುದು ನನ್ನ ಪ್ರಕಾರ ಅರ್ಧ ಚೌಕಾಸಿ. ತಿಂಗಳ ಕೊನೆ, ಮಾರ್ಚ್ ಕೊನೆ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಟಾರ್ಗೆಟ್ ಮುಟ್ಟಲಿಕ್ಕೆ ಎರಡು ಗಾಡಿ ಕಮ್ಮಿ ಇದ್ದರೆ ಮ್ಯಾನೇಜರ್ ಕೈ ಸಡಿಲವಾಗುತ್ತದೆ. ಆದರೆ ನಮ್ಮ ಮೈಸೂರು ಮಂಡ್ಯದಲ್ಲಿ ಅದಕ್ಕಿಂತ ಗಟ್ಟಿ ಪಟ್ಟಿ ಪಂಚಾಂಗದಲ್ಲಿದೆ. ಆಷಾಢದಲ್ಲಿ ಜನ ಚಾಮುಂಡಿ ಬೆಟ್ಟ ಹತ್ತುತ್ತಾರೆ, ಶೋರೂಮಿನ ಮೆಟ್ಟಿಲು ಹತ್ತಲ್ಲ. ಪಿತೃಪಕ್ಷದಲ್ಲಿ ಹದಿನೈದು ದಿನ ಅದೇ ಕಥೆ. ಧನುರ್ಮಾಸ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿ ತನಕ. ಈ ಮೂರು ಸಮಯದಲ್ಲಿ ಸೇಲ್ಸ್ ಹುಡುಗರು ಕೂತು ಫೋನ್ ನೋಡುತ್ತಿರುತ್ತಾರೆ. ಅದೇ ಆಯುಧಪೂಜೆ ಹಿಂದಿನ ದಿನ ಹೋಗಿ ನೋಡಿ, ನಿಮಗೆ ಕೂರಲಿಕ್ಕೆ ಕುರ್ಚಿ ಸಿಕ್ಕರೆ ಪುಣ್ಯ.

ನಿಮಗೆ ಶಾಸ್ತ್ರದಲ್ಲಿ ನಂಬಿಕೆ ಇದ್ದರೂ ತೊಂದರೆ ಇಲ್ಲ. ಆಷಾಢದಲ್ಲಿ ಮಾತಾಡಿ, ಬೆಲೆ ಬರೆಸಿಕೊಳ್ಳಿ, ಶ್ರಾವಣದ ಒಳ್ಳೇ ದಿನ ಡೆಲಿವರಿ ತಗೊಳ್ಳಿ. ನಮ್ಮ ಅತ್ತೆಯವರೂ ಇದಕ್ಕೆ ಒಪ್ಪಿದ್ದಾರೆ, ಮಾತಾಡಿದರೆ ದೋಷ ಇಲ್ಲವಂತೆ. ಬುಕಿಂಗ್ ಫಾರಂನಲ್ಲಿ ಒಂದು ಸಾಲು ನೋಡಿಕೊಳ್ಳಿ: ಡೆಲಿವರಿ ದಿನದ ಬೆಲೆ ಅನ್ವಯ ಅಂತ ಇರುತ್ತದೆ. ಡಿಸ್ಕೌಂಟ್ ಆ ತಿಂಗಳ ಸ್ಕೀಮ್ ಆಗಿದ್ದರೆ ಮುಂದಿನ ತಿಂಗಳು ಇರಲ್ಲ. "ಈ ಡಿಸ್ಕೌಂಟ್ ಡೆಲಿವರಿ ತನಕ ಇರುತ್ತದೆ" ಅಂತ ಮ್ಯಾನೇಜರ್ ಸಹಿ, ಸೀಲು ಹಾಕಿಸಿ. ಹಾಕಲ್ಲ ಅಂದರೆ ಆ ತಿಂಗಳಲ್ಲೇ ಬಿಲ್ ಮಾಡಿಸಿ, ಕಾರು ಮನೆಗೆ ತರುವುದು ಮಾತ್ರ ಮುಂದೂಡಿ.

ಡಿಸೆಂಬರಿನ ವಿಷಯದಲ್ಲಿ ಒಂದು ಎಚ್ಚರ. ವರ್ಷದ ಕೊನೆಗೆ ಡಿಸ್ಕೌಂಟ್ ದೊಡ್ಡದು, ಯಾಕೆಂದರೆ ಜನವರಿ ಬಂದರೆ ಆ ಕಾರು ಹಿಂದಿನ ವರ್ಷದ್ದಾಗುತ್ತದೆ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಅಚ್ಚಾಗುತ್ತದೆ, ಮುಂದೆ ಮಾರುವಾಗ ಅದನ್ನೇ ನೋಡುತ್ತಾರೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಚಿಂತೆಯಿಲ್ಲ, ಡಿಸೆಂಬರಿನಲ್ಲೇ ತಗೊಳ್ಳಿ. ನಾಲ್ಕು ವರ್ಷಕ್ಕೆ ಬದಲಾಯಿಸುವವರಾದರೆ ಆ ನಷ್ಟಕ್ಕೆ ಸಮನಾಗಿ ಡಿಸ್ಕೌಂಟ್ ಇದೆಯಾ ನೋಡಿ.

ಡಿಸ್ಕೌಂಟಿನಲ್ಲೂ ಬಗೆ ಇದೆ. ಕ್ಯಾಶ್ ಡಿಸ್ಕೌಂಟ್, ಎಕ್ಸ್‌ಚೇಂಜ್ ಬೋನಸ್, ಕಾರ್ಪೊರೇಟ್ ಆಫರ್. ಕೆಲವು ಕಂಪನಿಗಳಲ್ಲಿ ಹಳ್ಳಿಯವರಿಗೆ ಅಂತ ಬೇರೆ ಸ್ಕೀಮ್ ಇರುತ್ತದೆ, ಪಹಣಿ ತೋರಿಸಿದರೆ ಕೊಡುತ್ತಾರೆ. ಟೀಚರ್, ಚೆಸ್ಕಾಂ, ಕೆಎಸ್‌ಆರ್‌ಟಿಸಿ, ರೈಲ್ವೆ ವರ್ಕ್‌ಶಾಪ್, ಐಟಿ ಕಂಪನಿ, ಯಾವ ಐಡಿ ಕಾರ್ಡ್ ಇದ್ದರೂ ಮೇಜಿನ ಮೇಲೆ ಇಡಿ. ಒಂದೊಂದನ್ನೂ ಹೆಸರು ಹಿಡಿದು ಕೇಳಿ, ಯಾವುದರ ಜೊತೆ ಯಾವುದು ಸೇರುತ್ತದೆ ಅಂತ ಕೇಳಿ. ಕಂಪನಿಯ ಸ್ಕೀಮನ್ನೇ ತಮ್ಮ ಜೇಬಿನಿಂದ ಕೊಟ್ಟ ಹಾಗೆ ಮಾತಾಡುತ್ತಾರೆ. "ಇದು ಕಂಪನಿದು, ನೀವೇನು ಕೊಡ್ತೀರಾ?" ಅಂತ ಆಮೇಲೆ ಕೇಳಬೇಕು.

ಹಳೇ ಕಾರು ಕೊಡುವುದಿದ್ದರೆ ಹೊಸದರ ಮಾತು ಮುಗಿಯುವ ತನಕ ಅದರ ಸುದ್ದಿ ಎತ್ತಬೇಡಿ. ಎರಡನ್ನೂ ಕಲಸಿದರೆ ಹೊಸದರಲ್ಲಿ ಹತ್ತು ಸಾವಿರ ಬಿಟ್ಟು ಹಳೇದರಲ್ಲಿ ಮೂವತ್ತು ಸಾವಿರ ಕಡಿಯುತ್ತಾರೆ. ಮೊದಲೇ ಹೊರಗೆ ಎರಡು ಕಡೆ ಬೆಲೆ ಕಟ್ಟಿಸಿ.

ಒಂದೇ ಕಂಪನಿಯ ಶೋರೂಮ್ ಮಂಡ್ಯದಲ್ಲೂ ಇದೆ, ಮೈಸೂರಿನಲ್ಲೂ ಇದೆ ಅಂದರೆ ಎರಡೂ ಕಡೆ ಕೊಟೇಶನ್ ತಗೊಳ್ಳಿ. ಒಬ್ಬರದ್ದನ್ನು ಇನ್ನೊಬ್ಬರಿಗೆ ತೋರಿಸಿ. ಮಂಡ್ಯದವರು ಮೈಸೂರಿನಲ್ಲಿ ತಗೊಂಡರೂ ಕೆಎ 11 ನಂಬರೇ ಹಾಕಿಸಬಹುದು, ಸರ್ವೀಸನ್ನು ಆ ಕಂಪನಿಯ ಯಾವ ಸೆಂಟರಿನಲ್ಲಾದರೂ ಮಾಡಿಸಬಹುದು. "ಇಲ್ಲಿ ತಗೊಂಡಿಲ್ಲ, ನಾವು ನೋಡಲ್ಲ" ಅಂತ ಅವರು ಹೇಳುವಂತಿಲ್ಲ. ಬೆಲೆ ಒಂದೆರಡು ಸಾವಿರ ಮಾತ್ರ ಹೆಚ್ಚುಕಮ್ಮಿ ಆದರೆ ನಾನಂತೂ ಮನೆ ಹತ್ತಿರದವರಿಗೇ ಕೊಡುತ್ತೇನೆ. ಇನ್ನೊಂದು ಮಾತು: ಮೂರು ನಾಲ್ಕು ತಿಂಗಳು ಕಾಯಬೇಕಾದ ಕಾರಾದರೆ ಡಿಸ್ಕೌಂಟ್ ಕೇಳಿ ಗಂಟಲು ಒಣಗಿಸಿಕೊಳ್ಳಬೇಡಿ. ಅಲ್ಲಿ ಹ್ಯಾಂಡ್ಲಿಂಗ್, ಕಿಟ್, ಇನ್ಶೂರೆನ್ಸ್ ಮೂರನ್ನು ಸರಿಮಾಡಿಸಿದರೆ ಅದೇ ದೊಡ್ಡದು.

ಟೆಸ್ಟ್ ಡ್ರೈವ್ ರಿಂಗ್ ರೋಡಿನಲ್ಲಿ ಒಂದು ಸುತ್ತು ಸಾಲದು. ನಾಲ್ಕು ಜನ ಕೂತು, ಎಸಿ ಹಾಕಿ, ಚಾಮುಂಡಿ ಬೆಟ್ಟ ಹತ್ತಿಸಿ. ಎಂಜಿನ್ ಏದುಸಿರು ಬಿಡುತ್ತದಾ ಅಲ್ಲೇ ಗೊತ್ತಾಗುತ್ತದೆ.

ಬುಕಿಂಗ್ ದುಡ್ಡನ್ನು ಶೋರೂಮಿನ ಹೆಸರಿನ ಖಾತೆಗೆ ಮಾತ್ರ ಹಾಕಿ. ಸೇಲ್ಸ್ ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, "ಅಕ್ಕ, ನನ್ನ ನಂಬರಿಗೇ ಫೋನ್‌ಪೇ ಮಾಡಿ, ನಾನು ಕಟ್ತೀನಿ" ಅಂದರೆ ಬೇಡ. ಕ್ಯಾನ್ಸಲ್ ಮಾಡಿದರೆ ಎಷ್ಟು ಹಿಡಿದುಕೊಳ್ಳುತ್ತಾರೆ ಅಂತ ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ, ಓದಿ.

ಪೂರ್ತಿ ದುಡ್ಡು ಕಟ್ಟುವ ಮುಂಚೆ, ರಿಜಿಸ್ಟ್ರೇಶನ್ನಿಗೆ ಹೋಗುವ ಮುಂಚೆ, ನಿಮ್ಮ ಕಾರು ಯಾವುದು ಅಂತ ಚಾಸಿಸ್ ನಂಬರ್ ಕೇಳಿ ಯಾರ್ಡಿಗೆ ಹೋಗಿ ನೋಡಿ. ರಿಜಿಸ್ಟ್ರೇಶನ್ ಆದಮೇಲೆ ಬೇರೆ ಕಾರು ಕೊಡಿ ಅಂದರೆ ಆಗುವ ಮಾತಲ್ಲ. ಬೆಳಗಿನ ಬೆಳಕಿನಲ್ಲಿ ಹೋಗಿ. ನೀರು ಹಾಕಿ ತೊಳೆದ ಕಾರು ತೋರಿಸಿದರೆ ಒಣಗುವ ತನಕ ಕಾಯಿರಿ, ಒದ್ದೆ ಬಣ್ಣದ ಮೇಲೆ ಗೀರು ಕಾಣಲ್ಲ. ಬಾಗಿಲಿನ ಬಣ್ಣಕ್ಕೂ ಬಂಪರಿನ ಬಣ್ಣಕ್ಕೂ ಛಾಯೆ ಒಂದೇ ಇದೆಯಾ, ಮೀಟರ್ ಎಷ್ಟು ಓಡಿದೆ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಅಂದರೆ 2025ರ 23ನೇ ವಾರ ತಯಾರಾದದ್ದು. ಸ್ಟೆಪ್ನಿ ಸೇರಿ ಎಲ್ಲದರದ್ದೂ ನೋಡಿ. ಶೋರೂಮಿನವರು ಕೊಡುವ ಮಾರಾಟದ ಪ್ರಮಾಣಪತ್ರ ಫಾರಂ 21ರಲ್ಲಿ ಕಾರು ತಯಾರಾದ ತಿಂಗಳು ಬರೆದಿರುತ್ತದೆ, ನಿಮಗೆ ಹೇಳಿದ ತಿಂಗಳಿಗೂ ಅದಕ್ಕೂ ತಾಳೆ ಇದೆಯಾ ಅಂತ ಕೇಳಿ ಓದಿಸಿ.

ಡೆಲಿವರಿ ದಿನ ಎಲ್ಲರ ಗಮನ ಚಕ್ರದ ಕೆಳಗಿನ ನಿಂಬೆಹಣ್ಣು, ಫೋಟೋ, ಕೇಕಿನ ಮೇಲೆ ಇರುತ್ತದೆ. ಒಬ್ಬರು ಮಾತ್ರ ಪಕ್ಕಕ್ಕೆ ಕೂತು ಕಾಗದ ನೋಡಿ. ಟ್ಯಾಕ್ಸ್ ಇನ್‌ವಾಯ್ಸ್, ಇನ್ಶೂರೆನ್ಸ್ ಪಾಲಿಸಿ, ರಸ್ತೆ ತೆರಿಗೆ ರಸೀದಿ, ಫಾಸ್ಟ್ಯಾಗ್, ವಾರಂಟಿ ಪುಸ್ತಕ. ಕೊಟೇಶನ್ನಿನಲ್ಲಿ ಇನ್ಶೂರೆನ್ಸಿಗೆ, ತೆರಿಗೆಗೆ ಬರೆದ ಅಂಕಿಗಿಂತ ನಿಜವಾದ ರಸೀದಿ ಕಮ್ಮಿ ಇದ್ದರೆ ಉಳಿದದ್ದನ್ನು ಅಲ್ಲೇ ವಾಪಸ್ ಕೇಳಿ. ಹಳೇ ಕಾರು ಅವರಿಗೇ ಕೊಟ್ಟಿದ್ದರೆ ಹೆಸರು ಬದಲಾವಣೆಯ ಫಾರಂ 29, 30ರ ಪ್ರತಿ ಮತ್ತು ಕಾರು ಒಪ್ಪಿಸಿದ ದಿನ, ಗಂಟೆ ಬರೆದ ಡೆಲಿವರಿ ನೋಟ್ ತಗೊಳ್ಳಿ. ಹೆಸರು ಬದಲಾಗುವ ತನಕ ಆ ಕಾರಿನ ಪೊಲೀಸ್ ದಂಡ ನಿಮ್ಮ ಮೊಬೈಲಿಗೇ ಬರುತ್ತದೆ. ಎರಡನೇ ಕೀ ಕೈಗೆ ಬರದೆ ಹೊರಡಬೇಡಿ, "ನಾಳೆ ಕಳಿಸ್ತೀವಿ" ಅಂದರೂ ಸರಿ. ಕಾರು ಕಳ್ಳತನವಾದರೆ ಇನ್ಶೂರೆನ್ಸಿನವರು ಮೊದಲು ಕೇಳುವುದು ಎರಡೂ ಕೀ ಎಲ್ಲಿ ಅಂತ.